ದಾಟ್ಸನ್ನಿನ ಕಾರ್ಬೊರೇಟರ್ ಎಲ್ಲಿ ಹೋಯಿತು?

ಬಾನೆಟ್ ಎತ್ತಿದ ಸಮ್ಮೇದ ಎತ್ತಿದ ಕೈ ಇಳಿಸಲಿಲ್ಲ. ಎಂಜಿನ್ನಿನ ಬದಿಗೆ ಇರಬೇಕಾದ ಕಾರ್ಬೊರೇಟರ್ ಇರಲಿಲ್ಲ. ಅದು ಕೂತಿದ್ದಲ್ಲಿ ಬರೀ ತೂತು. ತೂತಿನ ಬಾಯಿಗೆ ಯಾರೋ ಬಿಳಿ ಬಟ್ಟೆ ಹೊದಿಸಿ ದಾರ ಬಿಗಿದಿದ್ದರು.

ಇದು 1999ರ ಒಂದು ಭಾನುವಾರ ಬೆಳಿಗ್ಗೆ, ಕೊಣ್ಣೂರಿನಲ್ಲಿ ಸಮ್ಮೇದನ ಮನೆಯ ಹಿಂದಿನ ಗೋದಾಮಿನಲ್ಲಿ ನಡೆದದ್ದು. ಮರುದಿನ ಅವನ ತಂದೆ ತಾತ್ಯಾಸಾಹೇಬರಿಗೆ ಎಪ್ಪತ್ತು ತುಂಬುವುದಿತ್ತು. ಎರಡು ವರ್ಷ ಅದೇ ಗೋದಾಮಿನಲ್ಲಿ ಬಿಚ್ಚಿ, ಬೆಸೆದು, ಬಣ್ಣ ಬಳಿದು ಸಜ್ಜು ಮಾಡಿದ ಹಳೆಯ ಜಪಾನೀ ದಾಟ್ಸನ್ ಕಾರನ್ನು ಅಂದು ಅವರೇ ಓಡಿಸಿಕೊಂಡು ಗೋಕಾಕಕ್ಕೆ ಹೋಗಬೇಕು ಎಂಬುದು ಮಗನ ಆಸೆ. ನೆಂಟರು ಬಂದಿಳಿದಿದ್ದರು. ಪತ್ರಿಕೆಯವರಿಗೂ ಹೇಳಿಯಾಗಿತ್ತು.

ಯಾಕೆಂದರೆ, 1967ರಲ್ಲಿ ಆ ಕಾರನ್ನು ಹೊಚ್ಚ ಹೊಸದಾಗಿ ಕೊಂಡು ಮುಂಬಯಿಯಿಂದ ಕೊಣ್ಣೂರಿನವರೆಗೆ ತಾವೇ ಹೊಡೆದುಕೊಂಡು ಬಂದವರು ತಾತ್ಯಾಸಾಹೇಬರು. ಆ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಾನೇ ಸಣ್ಣವನಿದ್ದಾಗ ಹತ್ತು ಬಾಯಲ್ಲಿ ಕೇಳಿದ್ದೆ. ಒಬ್ಬೊಬ್ಬರು ಹೇಳಿದಾಗಲೂ ದಾರಿಯ ಘಟ್ಟ ಇನ್ನಷ್ಟು ಕಡಿದಾಗುತ್ತಿತ್ತು.

ಗೋದಾಮಿಗೆ ಎರಡು ಕೀಲಿ. ಒಂದು ಮನೆಯಲ್ಲಿ, ಇನ್ನೊಂದು ಕಾರಿನ ಕೆಲಸ ಮಾಡಿದ ಮೂಡಲಗಿಯ ಮೆಕ್ಯಾನಿಕ್ ಹೊಳೆಪ್ಪನ ಕೈಯಲ್ಲಿ. ಮತ್ತೆ ಕೇಳುವುದೇನು? ಮಧ್ಯಾಹ್ನದೊಳಗೆ ಸುದ್ದಿ ಮೂಡಲಗಿ ಮುಟ್ಟಿತು. ಅವನ ಗ್ಯಾರೇಜಿನಲ್ಲಿ ರಿಪೇರಿಗೆ ಬಿಟ್ಟಿದ್ದ ಮೋಟಾರ್ ಸೈಕಲ್ಲುಗಳನ್ನು ಜನ ತಳ್ಳಿಕೊಂಡೇ ವಾಪಸ್ ಒಯ್ದರು. ಸಂಜೆ ಪೊಲೀಸರಿಗೆ ಫಿರ್ಯಾದಿ ಕೊಡುತ್ತೇನೆಂದು ಸಮ್ಮೇದ ಹೇಳಿ ಕಳಿಸಿದ.

ಹೊಳೆಪ್ಪ ಬಸ್ಸು ಹಿಡಿದು ಗೋಕಾಕಕ್ಕೆ, ವಕೀಲೆ ನೇತ್ರಾ ಮೇಡಂ ಮನೆಗೆ ಬಂದ. ನಾನು ಪರಪ್ಪ, ಅವರ ಗುಮಾಸ್ತ. ರಜೆಯ ದಿನವೂ ಕರೆಸಿದರೆಂದು ಗೊಣಗುತ್ತಲೇ ಕೂತಿದ್ದೆ.

"ನಿನ್ನೆ ಕೀಲಿ ಹಾಕಿದವ್ರು ಯಾರು?" ಮೇಡಂ ಕೇಳಿದರು.

"ನಾನರಿ. ಆವಾಗ ಕಾರ್ಬೊರೇಟರ್ ಇತ್ತು. ಗಾಡಿ ಚಾಲೂ ಮಾಡಿ ತೋರಿಸೇನಿ."

"ಆ ಕಾರಿಗೆ ಏನೇನ ಕೆಲಸ ಮಾಡೀರಿ? ಒಂದೂ ಬಿಡದ ಹೇಳ್ರಿ."

ಅಳುಮುಖ ಮಾಡಿಕೊಂಡು ಬಂದವನು ಅರಳಿದ. "ತಳ ಎಲ್ಲಾ ಜಂಗ್ ತಿಂದಿತ್ತರಿ, ಕೊಯ್ದು ಹೊಸಾ ತಗಡ ಬೆಸದೆ. ಸ್ಟೇರಿಂಗ್ ಬಾಜೂಕ ಇದ್ದ ಗೇರ್ ಕೆಳಗ ತಂದೆ. ಮುಂದ ಡಿಸ್ಕ್ ಬ್ರೇಕ್ ಕುಂದ್ರಿಸಿದೆ. ಹಿಂದಿನ ಸೀಟಿಗೆ ಹೊಸಾ ಸ್ಪ್ರಿಂಗ್ ಹಾಕೇನಿ."

"ಡ್ರೈವರ್ ಸೀಟಿಗೆ?"

ಹೊಳೆಪ್ಪ ಚಹಾದ ಕಪ್ಪಿನೊಳಗೆ ನೋಡಿದ. "ಅದರಾಗೇನಿಲ್ಲ ಬಿಡ್ರಿ."

"ಏನೂ ಮಾಡಿಲ್ಲ?"

"ಬ್ಯಾರೇದ ಕೇಳ್ರಿ, ಮೇಡಂ."

ನನಗೆ ಆಗಲೇ ಖಾತ್ರಿಯಾಯಿತು — ಇವನೇ. ಹೊಳೆಪ್ಪನನ್ನೂ ಕೂರಿಸಿಕೊಂಡು ಆಟೋದಲ್ಲಿ ಕೊಣ್ಣೂರಿಗೆ ಹೋಗುವಾಗ ಮೇಡಂ ಕಿವಿಯಲ್ಲಿ ಹೇಳಿಯೂ ಬಿಟ್ಟೆ.

ಗೋದಾಮಿನಲ್ಲಿ ಸಮ್ಮೇದ ಬಾನೆಟ್ ಎತ್ತಿ ತೋರಿಸಿದ. ಅವನ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಈ ಬಟ್ಟಿ ನೋಡ್ರಿ, ವಕೀಲರ. ಎಂಜಿನ್ನಿನ್ಯಾಗ ಧೂಳ ಹೋಗಬಾರದಂತ ಕಟ್ಟ್ಯಾನ. ಮಾಮೂಲಿ ಕಳ್ಳ ಇಷ್ಟ ಕಾಳಜಿ ಮಾಡ್ತಾನೇನು? ಮೆಕ್ಯಾನಿಕ್ಕನ ಮಾಡ್ಬೇಕು."

ನಾನು ತಲೆಯಾಡಿಸಿದೆ. ಮೇಡಂ ಆಡಿಸಲಿಲ್ಲ. ಅವರು ಬಟ್ಟೆಯ ಅಂಚನ್ನು ಉಗುರಿನಿಂದ ಬಿಡಿಸಿದರು — ಎರಡು ಪದರ, ತೊಳೆದ ಬಟ್ಟೆ. ಕೆಳಗೆ ಬಿದ್ದಿದ್ದ ನಟ್ಟುಗಳನ್ನು ಎತ್ತಿ ನೋಡಿದರು. ಅವುಗಳ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಕೊನೆಗೆ ಮೂಲೆಯ ಗುಜರಿ ರಾಶಿಗೆ ಕೈಹಾಕಿ ಒಂದು ಮೊಳದ ಕಬ್ಬಿಣದ ಪಟ್ಟಿ ಎಳೆದರು.

"ಏನಿದು?"

"ಡ್ರೈವರ್ ಸೀಟಿನ ಹಳೀ ಹಳಿ. ಸೀಟು ಇದರ ಮ್ಯಾಲ ಹಿಂದ ಮುಂದ ಸರೀತಿತ್ತು. ಜಂಗ್ ಹಿಡದಿತ್ತಂತ ಹೊಳೆಪ್ಪ ಕೊಯ್ದ ಒಗದ," ಎಂದ ಸಮ್ಮೇದ.

ಮೇಡಂ ಆ ಪಟ್ಟಿಯನ್ನು ನನ್ನ ಕೈಗಿತ್ತರು. ಗುಜರಿ ಹೊರುವುದಕ್ಕೂ ಗುಮಾಸ್ತನೇ ಬೇಕೇ?

ಮನೆಯೊಳಗೆ ತಾತ್ಯಾಸಾಹೇಬರು ಕುರ್ಚಿಯಲ್ಲಿದ್ದರು. ಆರಡಿ ಮೀರಿದ ಆಳು, ಕಾಲು ಚಾಚಿದರೆ ಅರ್ಧ ಪಡಸಾಲೆ. ಅವರ ಹೆಂಡತಿ ಜಿನ್ನವ್ವ ನೀರು ಹಿಡಿದು ತಂದರು. ಜೈನರ ಮನೆ, ನಲ್ಲಿಯ ಬಾಯಿಗೆ ನೀರು ಸೋಸುವ ಬಟ್ಟೆ ಕಟ್ಟಿತ್ತು.

"ಕಾಕೂ, ಆ ಬಟ್ಟಿ ಯಾರ ಕಟ್ತಾರ?" ಮೇಡಂ ಕೇಳಿದರು.

"ಇವರ ನೇಮರಿ ಅದು," ಎಂದು ಅವರು ಗಂಡನ ಕಡೆ ತೋರಿಸಿದರು. "ಅತ್ತಿಯವರು ಇವರಿಗೆ ಹೇಳಿ ಹೋಗ್ಯಾರ. ನಮ್ಮ ಕೈಯಾಗ ಕೊಡೂದಿಲ್ಲ."

ಮೇಡಂ ನೀರು ಕುಡಿದು ತಾತ್ಯಾಸಾಹೇಬರ ಕಡೆ ತಿರುಗಿದರು. "ಕಾಕಾ, ಮುಂಬಯಿಂದ ಬರೂವಾಗ ಸೀಟು ಹಿಂದ ಸರಿಸಿಕೊಂಡಿದ್ರೇನು?"

"ಸರಿಸದ ಮತ್ತ? ನನ್ನ ಕಾಲ ನೋಡ್ರಿ." ಅವರು ನಕ್ಕರು.

"ಆಮ್ಯಾಲ ಯಾರ ಓಡಸ್ತಿದ್ರು?"

"ನಮ್ಮ ಡ್ರೈವರ್ ಯಲ್ಲಪ್ಪ. ಅಂವ ತೀರಿಕೊಂಡ ಮ್ಯಾಲ ಗಾಡಿ ಮೂಲಿಗೆ ಬಿತ್ತು."

"ಎತ್ತರ ಇದ್ರೇನು ಅವರು?"

"ಎಲ್ಲೀದರಿ," ಎಂದ ಸಮ್ಮೇದ, "ಮೋಟ ಮನಶ್ಯಾ. ಸ್ಟೇರಿಂಗಿನ ಹಿಂದ ಬರೇ ಟೋಪಿಗಿ ಕಾಣ್ತಿತ್ತು."

ಮೇಡಂ ಅಂಗಳದಲ್ಲಿ ನೆಂಟರ ನಡುವೆ ತಲೆ ತಗ್ಗಿಸಿ ನಿಂತಿದ್ದ ಹೊಳೆಪ್ಪನನ್ನು ಒಳಗೆ ಕರೆಸಿ ಬಾಗಿಲು ಮುಂದೆ ಮಾಡಿದರು.

"ಕಾರ್ಬೊರೇಟರ್ ಈ ಮನಿ ಬಿಟ್ಟು ಹೋಗಿಲ್ಲ," ಎಂದರು.

"ಅಂದ್ರ?" ಸಮ್ಮೇದ ಕೇಳಿದ.

"ಮೆಕ್ಯಾನಿಕ್ಕ ತೂತು ಮುಚ್ಚಬೇಕಂದ್ರ ಕೈಗೆ ಸಿಕ್ಕ ಎಣ್ಣಿ ಅರಬಿ ಚಿಂದಿ ತುರುಕ್ತಾನ. ತೊಳದ ಬಟ್ಟಿ ಎರಡ ಪದರ ಮಡಚಿ ದಾರ ಸುತ್ತೂದಿಲ್ಲ. ನಟ್ಟಿನ ಮೂಲಿ ಸವದಾವು; ಇಕ್ಕಳದಾಗ ತಿರುವ್ಯಾರ. ಹೊಳೆಪ್ಪನ ಕಡೆ ನಟ್ ಬಿಚ್ಚೂ ಪಾನಾ ಇರಲಿಲ್ಲೇನು? ಆ ಬಟ್ಟಿ ಧೂಳಿಗಲ್ಲ. ಇರಿವಿ ಹುಳಾ ಒಳಗ ಹೊಕ್ಕು ಸಾಯಬಾರದಂತ ಕಟ್ಟಿದ್ದು. ನಿಮ್ಮ ನಲ್ಲೀ ಬಟ್ಟೀನೂ ಎರಡ ಪದರ, ಅದನ್ನೂ ಹಂಗ ದಾರ ಸುತ್ತಿ ಬಿಗಿದಾರ. ಅದನ್ನ ಕಟ್ಟಾವ್ರು ಈ ಮನ್ಯಾಗ ಒಬ್ಬರ."

ಸಮ್ಮೇದ ಎದ್ದು ನಿಂತ. "ಅಪ್ಪ ಯಾಕ ತಗೀತಾನ? ನಾಳೆ ಗಾಡಿ ಹೊಡಿಯಾಂವ ಅವನ."

"ಅದಕ್ಕ," ಎನ್ನುತ್ತ ಮೇಡಂ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡರು. "ಹೊಳೆಪ್ಪ ಎಲ್ಲಾ ಕೆಲಸ ಹೇಳಿದ, ಡ್ರೈವರ್ ಸೀಟಿಂದು ಮಾತ್ರ ಹೇಳಲಿಲ್ಲ. ಯಾಕಂತ ಇದನ್ನ ಹುಡುಕಿದೆ. ನೋಡ್ರಿ — ಮುಂದಿನ ತುದೀಗೆ ಜಂಗ್. ಸೀಟು ಅಲ್ಲೇ ಕಚ್ಚಿಕೊಂಡಿತ್ತು. ಹಿಂದಿನ ಭಾಗಕ್ಕ ಕಾರಖಾನಿ ಬಣ್ಣ ಹಂಗ ಐತಿ, ಒಂದ ಗೀರಿಲ್ಲ. ಈ ಸೀಟು ಒಂದ ಸಲಾನೂ ಹಿಂದ ಸರದಿಲ್ಲ. ಮುಂದ ಇದ್ದ ಸೀಟಿನ್ಯಾಗ ಕಾಕಾ ಕುಂತ್ರ ಮೊಣಕಾಲು ಸ್ಟೇರಿಂಗಿಗೆ ಸಿಗತಾವು. ಮುಂಬಯಿಂದ ಹೊಡಕೊಂಡ ಬಂದಾಂವ ಯಲ್ಲಪ್ಪ. ಕಾಕಾಗ ಗಾಡಿ ಹೊಡಿಯಾಕ ಬರೂದಿಲ್ಲ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಎಪ್ಪತ್ತರ ಮನುಷ್ಯನೊಬ್ಬ ಮಗನ ಎದುರು ಹಾಗೆ ಕುಗ್ಗಿ ಕೂತದ್ದನ್ನು ನೋಡಿ ನನಗೇ ನಾಚಿಕೆಯಾಯಿತು.

ತಾತ್ಯಾಸಾಹೇಬರು ಎದ್ದು ಒಳಗೆ ಹೋದರು. ತಮ್ಮ ಟ್ರಂಕಿನಿಂದ ಧೋತರದಲ್ಲಿ ಸುತ್ತಿದ ಕಾರ್ಬೊರೇಟರ್ ತಂದು ಮಗನ ಮುಂದಿಟ್ಟರು.

"ಅವತ್ತ ಊರ ಅಗಸಿ ಬಾಗಲ ಮುಂದ ಯಲ್ಲಪ್ಪ ನೀರ ಕುಡಿಯಾಕ ಇಳದಿದ್ದ," ಎಂದರು. "ನಾ ಸ್ಟೇರಿಂಗಿನ ಮ್ಯಾಲ ಕೈ ಇಟ್ಟಕೊಂಡ ಬಾಜೂಕ ನಿಂತಿದ್ದೆ. ಮಂದಿ ಕೂಡಿದ್ರು. ನೀವ ಹೊಡಕೊಂಡ ಬಂದ್ರೇನ್ರಿ ಅಂದ್ರು. ಹೂಂ ಅಂದೆ. ಯಲ್ಲಪ್ಪ ಬಂದು ಕೇಳಿಸಿಕೊಂಡ, ಸುಮ್ಮನ ನಿಂತ. ಸಾಯೂತನಕ ಸುಮ್ಮನ ಇದ್ದ."

ಜಿನ್ನವ್ವ ಸೆರಗಿನಿಂದ ಮುಖ ಮುಚ್ಚಿಕೊಂಡರು. "ನನಗರೆ ಹೇಳಬೇಕಿತ್ತಲ್ಲ."

ಸಮ್ಮೇದ ದನಿ ತಗ್ಗಿಸಿದ. "ವಕೀಲರ, ಗೋದಾಮಿನ್ಯಾಗ ಚೀಲದ ಹಿಂದ ಸಿಕ್ಕಿತಂತ ಹೇಳೂಣು. ಫಿರ್ಯಾದಿ ಕೊಡೂದಿಲ್ಲ. ಮುಗೀತಲ್ಲ?"

"ಹೊಳೆಪ್ಪ ಹೆದರಿ ತಂದಿಟ್ಟ ಅಂತಾರ ಮಂದಿ. ಮೂಡಲಗ್ಯಾಗ ಇನ್ನ ಅವನ ಗ್ಯಾರೇಜಿಗೆ ಯಾರ ಬರ್ತಾರ?" ಎಂದರು ಮೇಡಂ.

ತಾತ್ಯಾಸಾಹೇಬರು ಹೊಳೆಪ್ಪನ ಕಡೆ ನೋಡಿದರು, ಪೂರ್ತಿ ನೋಡಲಾರದೆ ಅವನ ಅಂಗಿಯ ಗುಂಡಿಯ ಮೇಲೆ ಕಣ್ಣಿಟ್ಟರು.

"ಹಳಿ ಕೊಯ್ದಾಂವ ನೀನ. ನಿನಗ ಗೊತ್ತಿತ್ತು."

"ಅವತ್ತ ಗೊತ್ತಾತ್ರಿ, ಸಾವಕಾರ್ರ."

"ಯಾರ ಮುಂದರೆ ಅಂದೇನು?"

"ಇಲ್ರಿ."

"ಕಳ್ಳ ಅಂದ್ರಲ್ಲೋ ನಿನಗ. ನಾನೂ ಕೇಳಿಕೋತ ಕುಂತೆ. ಆವಾಗರೆ ಹೇಳಬಾರದಾ?"

"ನಿಮ್ಮ ಮರ್ಯಾದಿ ಮಾತದು. ನಾ ಹೆಂಗ ಆಡ್ಲಿ?"

ತಾತ್ಯಾಸಾಹೇಬರು ಬಾಗಿಲು ತೆರೆದು ಅಂಗಳಕ್ಕೆ ಹೋದರು. ನೆಂಟರು ಎದ್ದು ನಿಂತರು.

"ಹೊಳೆಪ್ಪ ಕಳ್ಳ ಅಲ್ಲ," ಎಂದರು. "ತಗದಿಟ್ಟಾಂವ ನಾನು. ನನಗ ಗಾಡಿ ಹೊಡಿಯಾಕ ಬರೂದಿಲ್ಲ. ಎಂದೂ ಬಂದಿಲ್ಲ. ಮುಂಬಯಿಂದ ಹೊಡಕೊಂಡ ಬಂದಾಂವ ಯಲ್ಲಪ್ಪ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಚಪ್ಪಲಿ ಹುಡುಕಿದರು.

"ನಡಿ ಹೊಳೆಪ್ಪ. ಇದನ್ನ ನಿಮ್ಮ ಊರಾಗೂ ಹೇಳಬೇಕು, ನಿನ್ನ ಗ್ಯಾರೇಜಿನ ಮುಂದ ನಿಂತು."

ಸಮ್ಮೇದ ಜೀಪು ತರಿಸುತ್ತೇನೆಂದ. ಬೇಡವೆಂದರು. ನಾವೂ ಗೋಕಾಕಕ್ಕೆ ಮರಳಬೇಕಿತ್ತು, ಅವರ ಜೊತೆಗೇ ಸ್ಟ್ಯಾಂಡಿಗೆ ನಡೆದೆವು. ದಾರಿಯಲ್ಲಿ ನಾನು ಹೊಳೆಪ್ಪನ ಜೊತೆ ಏನಾದರೂ ಮಾತಾಡಬೇಕೆಂದುಕೊಂಡೆ. ಕೊನೆಗೆ ಅವನ ಹಿಂದೆಯೇ ನಡೆದೆ.

ಮೂಡಲಗಿಯ ಬಸ್ಸು ಬಂತು. ಹೊಳೆಪ್ಪ ಎಂದಿನಂತೆ ಸಾವಕಾರರಿಗೆ ದಾರಿ ಬಿಟ್ಟು ಸರಿದು ನಿಂತ. ತಾತ್ಯಾಸಾಹೇಬರು ಕದಲಲಿಲ್ಲ.

"ನೀ ಮೊದಲ ಹತ್ತು," ಎಂದರು.