ಕಳೆದ ವರ್ಷದ ಪರವಾನಗಿ

ಜೂನ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಏಳು ಐವತ್ತಕ್ಕೆ ರೂಬೆನ್ ಸಾಲೊ ಷೆರೀಫ್ ಕಚೇರಿಯ ಮೆಟ್ಟಿಲು ಹತ್ತಿದರು. ಎಪ್ಪತ್ತೊಂದು ವರ್ಷ, ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ದೂರು ಬರೆದುಕೊಂಡ ಸಾರ್ಜೆಂಟ್ ಲೋರಿ ಮಾಕೆಲಾ ಕೂಡ ಒಂದು ಕಾಲದಲ್ಲಿ ಅವರಿಂದಲೇ ಉಳಿ ಹಿಡಿಯಲು ಕಲಿತವಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ದೋಣಿ ಹೊರಡುವುದಿತ್ತು. ಸುಪೀರಿಯರ್ ಸರೋವರದ ನಡುವಿನ ದ್ವೀಪ, ಅಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿ ಏಳು ದಿನದ ನಡಿಗೆ, ರಾತ್ರಿಗೆ ಡೇರೆ. ಮೇಷ್ಟ್ರು ಜನವರಿಯಿಂದಲೇ ತಯಾರಿ ನಡೆಸಿ, ಓಟ್ಸನ್ನೂ ತಕ್ಕಡಿಯಲ್ಲಿ ತೂಗಿ ಕಟ್ಟಿಟ್ಟಿದ್ದರು. ಗೆಳೆಯ ಕ್ಲಾರೆನ್ಸ್ ಯೂರನ್ ಜೊತೆ ಇದು ನಲವತ್ತೊಂದನೆಯ ಸಲ. ಜುಲೈನಲ್ಲಿ ಮೇಷ್ಟ್ರಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ. ಆಮೇಲೆ ಹೊರೆ ಹೊತ್ತು ಗುಡ್ಡ ಹತ್ತುವಂತಿಲ್ಲ. ಈ ಸಲ ತಪ್ಪಿದರೆ ತಪ್ಪಿದ್ದೇ.

ಸೋಮವಾರ ಎರಡರಿಂದ ನಾಲ್ಕರ ನಡುವೆ ಅವರು ಕ್ಷೌರಕ್ಕೆ ಹೋಗಿದ್ದಾಗ ಡೇರೆಯ ಕೋಲುಗಳು, ನೀರು ಸೋಸುವ ಉಪಕರಣ ಮತ್ತು ದ್ವೀಪದ ಪರವಾನಗಿ ಪತ್ರ ಕಳವಾಗಿವೆಯೆಂಬುದು ದೂರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ನಲವತ್ತು ವರ್ಷ ಬೀಗ ಕಾಣದ ಬಾಗಿಲಿಗೆ ಮೇಷ್ಟ್ರು ಅಂದು ಬೀಗ ಜಡಿದು ಬಂದಿದ್ದರು.

ಒಂಬತ್ತು ಗಂಟೆಗೆ ಡೆಪ್ಯುಟಿ ಪೆಲ್ಟೊ ಜೊತೆ ಲೋರಿ ಸ್ಥಳ ಮಹಜರು ನಡೆಸಿದಳು. ದುಬಾರಿ ಕ್ಯಾಮೆರಾ ಇದ್ದಲ್ಲೇ ಇತ್ತು. ಹೊರಗೆ ಕೆಸರೋ ಕೆಸರು, ಒಳಗೆ ಒಂದು ಹನಿಯೂ ಇಲ್ಲ. ಬಾಗಿಲ ಚಾಪೆಯ ಮೇಲೆ ಅಪರಿಚಿತ ಬೂಟುಗಳ ಜೋಡಿ ಗುರುತು. ಅಲ್ಲಿಂದ ಮುಂದೆ ಮೇಷ್ಟ್ರ ಮರಗೆಲಸದ ಹೊಟ್ಟಿನ ಮೇಲೆ ಉಣ್ಣೆಯ ಕಾಲುಚೀಲದ ಹೆಜ್ಜೆ. ಕಳ್ಳ ಬೂಟು ಬಿಚ್ಚಿಟ್ಟು, ಮರ್ಯಾದೆಯಿಂದ ಒಳಗೆ ಬಂದಿದ್ದ. ಪೆಲ್ಟೊ ನಕ್ಕ. ಲೋರಿಗೆ ನಗು ಬರಲಿಲ್ಲ. ಈ ಮನೆಯನ್ನು ಗೌರವಿಸುವವನೇ ಇಲ್ಲಿ ಕದ್ದಿದ್ದಾನೆ ಎನಿಸಿ ಅವಳಿಗೆ ಕಸಿವಿಸಿಯಾಯಿತು.

ಫ್ರಿಜ್ ಬಾಗಿಲಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಈ ವರ್ಷದ ಪರವಾನಗಿ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ನೆನಪಿಗೆಂದು ಅಂಟಿಸಿದ್ದ ಕಳೆದ ವರ್ಷದ್ದು ಮಾತ್ರ ಮಾಯವಾಗಿತ್ತು. ವರ್ಷದ ಅಂಕಿ ಹೆಬ್ಬೆರಳಿನಷ್ಟು ದಪ್ಪ, ನೋಡಿದವರು ತಪ್ಪುವಂತಿರಲಿಲ್ಲ.

ಪ್ರವಾಸ ಬೇಡವೆಂದು ಹಟ ಹಿಡಿದಿದ್ದ ಮೇಷ್ಟ್ರ ಮಗಳನ್ನು ಹನ್ನೊಂದೂವರೆಗೆ ವಿಚಾರಿಸಿದರು. ಸೋಮವಾರವಿಡೀ ಅವಳು ಬೇಕರಿಯಲ್ಲಿ ಎಲ್ಲರ ಕಣ್ಣೆದುರೇ ಇದ್ದಳು. "ಕದಿಯೋದೇ ಆಗಿದ್ರೆ ಅಪ್ಪನನ್ನೇ ಕದ್ದು ಬೀಗ ಹಾಕ್ತಿದ್ದೆ," ಎಂದಳು. ನೆರೆಮನೆಯವರು ಯಾವ ವಾಹನವನ್ನೂ ಕಂಡಿರಲಿಲ್ಲ. ಪೆಲ್ಟೊ ಅಂಗಡಿಗಳಿಗೆ ಫೋನ್ ಮಾಡಿದ. ಶುಕ್ರವಾರದವರೆಗೆ ಸೋಸುವ ಉಪಕರಣ ಸಿಗದು. ಸಂಜೆಯೊಳಗೆ ಪತ್ತೆ ಮಾಡಿಯೇ ತೀರುವೆನೆಂದು ಲೋರಿ ಊಟವನ್ನೂ ಬಿಟ್ಟಳು.

ನಡೆದೇ ಬರಬಲ್ಲವನು, ಎರಡು ಗಂಟೆಯ ಕ್ಷೌರದ ವಿಷಯ ಬಲ್ಲವನು ಒಬ್ಬನೇ ಉಳಿದಿದ್ದ. ಮೂರು ಹತ್ತಕ್ಕೆ, ಮೂರು ಮನೆ ಆಚೆ, ಕ್ಲಾರೆನ್ಸ್ ಬಾಗಿಲು ತೆರೆದರು. ದೋಣಿ ಇಂಜಿನ್‌ಗಳ ಮೆಕ್ಯಾನಿಕ್ ಆಗಿದ್ದವರು. ಕಾಫಿ ಬಗ್ಗಿಸುವಾಗ ಲೋಟದೊಳಗೆ ಬೆರಳಿಟ್ಟು ಮಟ್ಟ ನೋಡಿಕೊಂಡರು.

ಲೋರಿ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟಳು.

"ಮೇಷ್ಟ್ರ ಪರವಾನಗಿ. ತಾರೀಖು ಸರಿ ಇದೆಯಾ ನೋಡಿ."

"ಜೂನ್ ಹದಿಮೂರು. ಸರಿ ಇದೆಯಲ್ಲ."

"ಅದು ಕಳೆದುಹೋದ ನಾಯಿಯ ಪ್ರಕಟಣೆ, ಯೂರನ್ ಅವರೇ."

ಕ್ಲಾರೆನ್ಸ್ ಕಾಗದವನ್ನು ನಿಧಾನವಾಗಿ ಮಡಚಿದರು.

"ಎಷ್ಟು ದಿನದಿಂದ ಕಣ್ಣು ಕಾಣ್ತಿಲ್ಲ?" ಲೋರಿ ಕೇಳಿದಳು.

"ಎರಡು ವರ್ಷ. ಅಂಚು ಕಾಣುತ್ತೆ, ನಡುವೆ ಏನೂ ಇಲ್ಲ. ದಾರಿ ತೋರ್ಸೋನು ನಾನು, ಲೋರಿ. ರೂಬೆನ್‌ಗೆ ನಕ್ಷೆ ಓದೋಕೆ ಬರಲ್ಲ. ಹೋದ ವರ್ಷ ದಾರಿ ಅಂದ್ಕೊಂಡು ಅವನನ್ನ ಬಂಡೆ ತುದಿಗೆ ಕರ್ಕೊಂಡು ಹೋದೆ. ಇನ್ನೆರಡು ಹೆಜ್ಜೆ ಅಷ್ಟೇ. ಎಂಥಾ ಜಾಗ ತೋರಿಸಿದೆ ಮಾರಾಯ ಅಂತ ಅವನು ನನ್ನ ಬೆನ್ನು ತಟ್ಟಿದ."

ಮಾಲು ಅವರ ಸೌನಾದ, ಅಂದರೆ ಬಿಸಿಹಬೆ ಸ್ನಾನದ ಕೋಣೆಯ, ಬೆಂಚಿನಡಿ, ಟವೆಲ್ಲಿನಲ್ಲಿ ಸುತ್ತಿದಂತೆ ಸಿಕ್ಕಿತು. ಮೂರು ನಲವತ್ತಕ್ಕೆ ದಸ್ತಗಿರಿ. ಕೋಳ ತೊಡಿಸಲಿಲ್ಲ; ಮೆಟ್ಟಿಲಿಳಿಯುವಾಗ ಪೆಲ್ಟೊ ತೋಳು ಹಿಡಿದುಕೊಂಡ.

ಠಾಣೆಯಲ್ಲಿ ಮೇಷ್ಟ್ರು ಕೆಂಡವಾದರು. ಹೇಳೋಕೆ ಬಾಯಿ ಇರಲಿಲ್ಲವೇ ಎಂದು ಕೇಳಿದರು.

"ಹೇಳಿದ್ರೆ ನನ್ನ ಕೈ ಹಿಡಿದು ನಡೆಸ್ತಿದ್ದೆ ನೀನು," ಎಂದರು ಕ್ಲಾರೆನ್ಸ್. "ಅದು ನನಗೆ ಬೇಕಿರಲಿಲ್ಲ."

ಮೇಷ್ಟ್ರು ಲೋರಿಯ ಕಡೆ ತಿರುಗಿದರು. ದೂರು ವಾಪಸ್ ಕೊಡೆಂದರು. ದಾಖಲಾದ ದೂರನ್ನು ಹರಿಯಲಾಗದೆಂದು ಲೋರಿ ಹೇಳಿ, ವರದಿಯ ಕಾರಣದ ಸಾಲಿನಲ್ಲಿ ಬರೆದಳು: ದೃಷ್ಟಿ ಹೋದದ್ದನ್ನು ಗೆಳೆಯನಿಗೆ ಹೇಳಲು ನಾಚಿಕೆ, ಗೆಳೆಯ ಬಿದ್ದಾನೆಂಬ ಭಯ.

ಐದಕ್ಕೆ ನ್ಯಾಯಾಧೀಶರು ಜಾಮೀನು ಕೊಟ್ಟರು. ಷರತ್ತು ಒಂದೇ: ವಿಚಾರಣೆ ಮುಗಿಯುವವರೆಗೆ ಆರೋಪಿ ಈ ಕೌಂಟಿ, ಅಂದರೆ ಜಿಲ್ಲೆ, ಬಿಟ್ಟು ಹೋಗಬಾರದು. ಕ್ಲಾರೆನ್ಸ್ ತಲೆ ತಗ್ಗಿಸಿದರು. ಲೋರಿ ಗೋಡೆಯ ಭೂಪಟದ ಹತ್ತಿರ ಹೋಗಿ ಗಡಿಗೆರೆಯನ್ನು ನೀರಿನ ಮೇಲೆ ಬೆರಳಿನಲ್ಲಿ ಹಿಂಬಾಲಿಸಿದಳು.

"ದ್ವೀಪ ನಮ್ಮ ಕೌಂಟಿಗೇ ಸೇರಿದ್ದು," ಎಂದಳು.

ಮೇಷ್ಟ್ರು ಬೆಂಚಿನ ಮೇಲೆ ದ್ವೀಪದ ನಕ್ಷೆ ಹರಡಿ, ಕನ್ನಡಕ ಏರಿಸಿದರು.

"ಈ ಗೆರೆಗಳು ಒತ್ತೊತ್ತಾಗಿದ್ರೆ ಏನೋ ಅರ್ಥ?"

ಕ್ಲಾರೆನ್ಸ್ ಬೆಂಚನ್ನು ತಡವಿ ಮೇಷ್ಟ್ರ ಪಕ್ಕದಲ್ಲಿ ಕುಳಿತರು.

"ಕಡಿದಾದ ಇಳಿಜಾರು," ಎಂದರು. "ಅಲ್ಲಿ ನನ್ನ ಕೈ ಹಿಡ್ಕೋ."