ಮೈತ್ರೇಯಿ ಹಿಡಿದ ಕೊಡೆ

ಕತ್ತಲೆಕೋಣೆಯ ಕೆಂಪು ದೀಪದ ಕೆಳಗೆ, ತಟ್ಟೆಯ ದ್ರಾವಣದಲ್ಲಿ ಮುಳುಗಿಸಿದ ಫೋಟೋ ಕಾಗದದ ಮೇಲೆ ಮೊದಲು ಮರಳು ಕಾಣಿಸಿತು. ಆಮೇಲೆ ಪುಟ್ಟ ಹೂಗಳು. ಆಮೇಲೆ... ಒಂದು ನೆರಳು!

ಉದ್ದ ಜಡೆ. ಕೈಯಲ್ಲಿ ಬಿಚ್ಚಿದ ಕೊಡೆ. ಹೆಂಗಸಿನ ನೆರಳು!

ಅಂಬುಜಾ ತಟ್ಟೆಯ ಮೇಲೆ ಬಾಗಿದಳು. ‘ಒಬ್ಬನೇ ಹೋಗಿದ್ದೆ ಅಂದರಲ್ಲ ವಿಶ್ರುತ್! ಹಾಗಾದರೆ ಇವಳು ಯಾರು?’

1999ರ ಸೆಪ್ಟೆಂಬರ್ ಅದು. ಕುವೆಂಪುನಗರದಲ್ಲಿ ಅಪ್ಪ ಬಿಟ್ಟುಹೋದ ಫೋಟೋ ಸ್ಟುಡಿಯೋವನ್ನು ಅಂಬುಜಾ ಒಬ್ಬಳೇ ನಡೆಸುತ್ತಿದ್ದಳು. ವಿಶ್ರುತ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಜೈಸಲ್ಮೇರ್ ಆಚೆಯ ಸಂರಕ್ಷಿತ ಮರುಭೂಮಿಯಲ್ಲಿ ಮಳೆ ಬಿದ್ದ ಮೇಲೆ ಕೆಲವೇ ದಿನ ಅರಳುವ ಹೂಗಳ ಫೋಟೋ ತೆಗೆಯುವ ಹುಚ್ಚು ಅವನಿಗೆ. ಫಿಲ್ಮ್ ರೋಲ್ ತೊಳೆದು ಪ್ರಿಂಟ್ ಹಾಕುವ ಕೆಲಸ ಇವಳದು. ಹಾಗೇ ಶುರುವಾದದ್ದು ಪ್ರೀತಿ. ಬಾಯಿಬಿಟ್ಟು ಹೇಳಿದ್ದಾಳಾ? ಎಲ್ಲಿ ಬಂತು! ಬಲು ಜಂಭದ ಹುಡುಗಿ.

ಅವನು ಹೊರಡುವ ದಿನ ತಮಾಷೆಗೆ ಕೇಳಿದ್ದಳು, “ನಂಗೂ ಒಂದು ಹೂ ತಂದ್ಕೊಡ್ರೀ.”

“ಅಲ್ಲಿ ಒಂದು ಎಸಳೂ ಕೀಳೋ ಹಾಗಿಲ್ಲ ಕಣ್ರೀ. ಬೇರೆ ಏನೋ ತರ್ತೀನಿ. ರೋಲ್ ತೊಳೆದಾಗ ನೀವೇ ನೋಡಿ. ಆಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ.”

ಆ ಮಾತು ಏನಿರಬಹುದೆಂದು ಹದಿನೈದು ದಿನ ನಿದ್ದೆಗೆಟ್ಟವಳ ಮುಂದೆ ಈಗ ಈ ಜಡೆ!

ಸಿಟ್ಟಿನಲ್ಲೇ ಇನ್ನೊಂದು ಪ್ರಿಂಟ್ ಮುಳುಗಿಸಿದಳು. ಹೂಗಳ ನಡುವಿನಿಂದ ಬಿಳಿಚಿದ ಮುಖವೊಂದು ಮೆಲ್ಲಗೆ ಮೇಲೆದ್ದಿತು. ನಗುತ್ತಿತ್ತು.

ಆ ಮುಖ ಅಂಬುಜಾಳಿಗೆ ಗೊತ್ತು!

ಮೂರು ವರ್ಷದ ಹಿಂದೆ ವಿಶ್ರುತ್ ಮೊದಲ ಸಲ ಇಲ್ಲಿಗೆ ಬಂದದ್ದೇ ಆ ಮುಖದ ಫೋಟೋ ದೊಡ್ಡದು ಮಾಡಿಸಲು... ಹಾರ ಹಾಕಿಡಲು. ಜ್ವರದಲ್ಲಿ ತೀರಿಕೊಂಡ ಅವನ ಹೆಂಡತಿ, ಮೈತ್ರೇಯಿ.

ಮೂರನೆಯ ಪ್ರಿಂಟ್ ಹಾಕಿದಳು. ಹೂವಿನ ಪಕ್ಕ, ಮರಳಿನ ಮೇಲೆ ಬೆರಳಿಂದ ಬರೆದ ಅಕ್ಷರ ಮೂಡಿತು. ‘ಅಂಬುಜಾ’.

ಅವಳ ಹೆಸರು! ಅವನು ತರ್ತೀನಿ ಅಂದದ್ದು ಇದನ್ನೇ. ಸರಿಯಾಗಿ ಅದರ ಮೇಲೆಯೇ ಆ ಕೊಡೆಯ ಕಪ್ಪು ನೆರಳು.

‘ಅವರು ಬಿಟ್ಟುಕೊಡಲಿಲ್ಲ... ನನ್ನ ಹೆಸರನ್ನೂ ಮುಚ್ಚಿಬಿಟ್ಟರು. ಹರಿದುಹಾಕಿಬಿಡಲೇ? ಯಾರಿಗೆ ಗೊತ್ತಾಗುತ್ತೆ?’

ಹರಿಯಲು ಕೈ ಬರಲಿಲ್ಲ.

ಹೊರಗೆ ಸ್ಕೂಟರ್ ನಿಂತಿತು. “ಅಂಬುಜಾ ಅವರೇ, ನೋಡಿದ್ರಾ?” ಎನ್ನುತ್ತಾ ಬಂದ ವಿಶ್ರುತ್ ಅವಳ ಮುಖ ನೋಡಿ ಬಾಗಿಲಲ್ಲೇ ನಿಂತ.

ಅವಳು ಮೂರೂ ಒದ್ದೆ ಪ್ರಿಂಟುಗಳನ್ನು ಮೇಜಿನ ಮೇಲಿಟ್ಟಳು. “ಕೇಳ್ಬೇಕು ಅಂದ ಮಾತು ಕೇಳ್ಬೇಡಿ. ಅವರಿಗೆ ಇಷ್ಟ ಇಲ್ಲ.”

ವಿಶ್ರುತ್ ಕುರ್ಚಿ ಎಳೆದು ಕೂತ. ಆ ನಗುಮುಖದ ಪ್ರಿಂಟನ್ನು ಹತ್ತಿರಕ್ಕೆ ಸರಿಸಿಕೊಂಡ.

“ಇದು ನಾವಿಬ್ರೂ ಅಲ್ಲಿಗೆ ಹೋದಾಗ ತೆಗೆದ ಅವಳ ಕೊನೇ ರೋಲ್ ಕಣ್ರೀ... ಕಳೆದೇಹೋಯ್ತು ಅಂದ್ಕೊಂಡಿದ್ದೆ. ಬ್ಯಾಗಲ್ಲೇ ಇತ್ತು. ಹೊಸದು ಅಂತ ಈ ಸಲ ಅದನ್ನೇ ಕ್ಯಾಮೆರಾಗೆ ಹಾಕ್ಬುಟ್ಟಿದ್ದೀನಿ!”

“ಮುಗಿದದ್ದು ಅಂತ ಗುರುತಿಗೆ ರೋಲಿನ ತುದಿ ಮಡಚಿಡ್ಲಿಲ್ವಾ?”

“ದಿನಾ ಮಡಚ್ತಿದ್ದೆ. ಆವತ್ತು ಅವಳ ಮೈ ಸುಡ್ತಿತ್ತು... ಮರೆತೆ.”

ಆಗಿನ ಚಿತ್ರ, ಈಗಿನ ಚಿತ್ರ ಒಂದೇ ಫಿಲ್ಮಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಕಸುಬಿನವಳಿಗೆ ಇದು ಹೊಳೆಯಬೇಕಿತ್ತು. ಹೆದರಿದವಳಿಗೆ ಕಸುಬೆಲ್ಲಿ ನೆನಪಿರುತ್ತೆ ಹೇಳಿ!

“ಆದ್ರೂ... ನನ್ನ ಹೆಸರಿನ ಮೇಲೇ ಯಾಕ್ರೀ ಆ ನೆರಳು?” ಅವಳು ಮೂರನೆಯ ಪ್ರಿಂಟನ್ನು ಅವನ ಮುಂದೆ ತಳ್ಳಿದಳು.

ಅವನು ಆ ಕೊಡೆಯ ಮೇಲೆ ಬೆರಳಿಟ್ಟ. “ಅಲ್ಲಿನ ಬಿಸಿಲು ಕೆಟ್ಟದ್ದು. ಮಧ್ಯಾಹ್ನದೊಳಗೆ ಹೂ ಸೊರಗಿಹೋಗುತ್ತೆ. ಇದು ಬಾಡಬಾರ್ದು ಅಂತ ಅನಿಸಿದ್ದರ ಮೇಲೆ ಮಾತ್ರ ಮೈತ್ರೇಯಿ ಕೊಡೆ ಹಿಡೀತಿದ್ಲು, ಅಂಬುಜಾ.”

ಅಂಬುಜಾ ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಅತ್ತ. ಒದ್ದೆ ಪ್ರಿಂಟಿನಲ್ಲಿ ಮೈತ್ರೇಯಿ ನಗುತ್ತಲೇ ಇದ್ದಳು.

“ಈಗ ಕೇಳ್ಲಾ ಆ ಮಾತು?”

ಅವಳು ಕಣ್ಣೊರೆಸಿಕೊಂಡಳು. “ಮೊದ್ಲು ಇವಕ್ಕೆ ಕಟ್ಟು ಹಾಕ್ಸೋಣ.”

“ಎಲ್ಲಿ ನೇತುಹಾಕೋದು?”

“ಮೈತ್ರೇಯಿ ಅವರ ಫೋಟೋ ಪಕ್ಕದಲ್ಲಿ. ನಮ್ಮನೇಲಿ.”

“ನಮ್ಮನೇಲಿ... ಅಂದ್ರಾ?”

“ಹೂಂ ಕಣ್ರೀ. ನಮ್ಮನೇಲಿ.”