ಅರ್ಧ ತುಂಬಿದ ತಗ್ಗು

ಊಟ ಮುಗಿಸಿ ಬಂದ ಆಪರೇಟರ್ ಬಾಗಿಲು ತೆಗೆದಾಗ ಹೊಗೆ ಮುಖಕ್ಕೆ ರಾಚಿತು. ವಾತಾವರಣದ ಮೇಲುಪದರಕ್ಕೆ ರೇಡಿಯೊ ಅಲೆ ಹಾಯಿಸಿ ಅಲ್ಲಿನ ಎಲೆಕ್ಟ್ರಾನುಗಳನ್ನು ಬಿಸಿ ಮಾಡುವ ಟ್ರಾನ್ಸ್‌ಮಿಟರ್ ಕರಕಲಾಗಿತ್ತು!

ಎಲ್ಲರ ಬೆರಳೂ ಅವಳ ಕಡೆಗೇ. ಸಂಜೆಯೊಳಗೆ ಕಾರಣ ಸಿಗದಿದ್ದರೆ ಅವಳನ್ನು ಕೆಲಸದಿಂದ ತೆಗೆಯುವುದಾಗಿ ನಿರ್ದೇಶಕರು ಹೇಳಿದ್ದರು. ತನಿಖೆಗೆ ಬಂದ ನನ್ನ ಸೋದರಮಾವ ಕಾಲು ಸುಟ್ಟ ಬೆಕ್ಕಿನಂತೆ ಕಾರಿಡಾರಿನಲ್ಲಿ ತಿರುಗುತ್ತಿದ್ದರು. ಅವರ ಹಿಂದೆ ಸುತ್ತಿ ನನಗೂ ತಲೆ ಕೆಟ್ಟಿತ್ತು.

“ಟ್ರಾನ್ಸ್‌ಮಿಟರ್ ಆಫ್ ಮಾಡಿ ಹೋದ್ಯೇನಮ್ಮ?” ಮಾವ ಆಪರೇಟರನ್ನು ಕೇಳಿದರು.

“ಹೌದು ಸರ್. ಆಮೇಲೆ ತಂಪು ಮಾಡೋ ನೀರಿನ ಪಂಪೂ ನಿಲ್ಲಿಸ್ದೆ. ಯಾವಾಗ್ಲೂ ಹಾಗೇ ಮಾಡೋದು.”

ಪಕ್ಕದ ಕೋಣೆಯಲ್ಲಿ ರಾಡಾರಿನಿಂದ ಆ ಪದರವನ್ನು ಅಳೆಯುತ್ತಿದ್ದ ವಿಜ್ಞಾನಿ ಅವಳ ಸ್ವಂತ ಅಣ್ಣ. ಶಾಖದ ಲೆಕ್ಕದಲ್ಲಿ ಎತ್ತಿದ ಕೈ. ಮಾವ ಅಲ್ಲಿಗೆ ಹೋದರು.

“ಟ್ರಾನ್ಸ್‌ಮಿಟರ್ ಮಧ್ಯೆ ನಿಂತಿತ್ತಾ?”

“ಇಲ್ಲ, ಒಂದೇ ಸಮ ಓಡ್ತಿತ್ತು. ಪಂಪ್ ನಿಲ್ಲಿಸಿ ಇದನ್ನ ಮರೆತಿದಾಳೆ. ತಂಗಿ ಅಂತ ಸುಳ್ಳು ಹೇಳೋಕಾಗುತ್ತಾ?”

“ಎಲೆಕ್ಟ್ರಾನುಗಳ ಬಿಸಿಯ ಗ್ರಾಫ್?”

“ಅದ್ರಲ್ಲಿ ಬೇಡದ ಸಿಗ್ನಲ್ ಜಾಸ್ತಿ ಸೇರಿತ್ತು, ಅಳಿಸ್ಬಿಟ್ಟೆ.”

“ಅವುಗಳ ಸಾಂದ್ರತೆಯದು?”

“ಅದಿದೆ. ಅದ್ರಲ್ಲೇನಿದೆ?”

ಮಾವನ ನಡಿಗೆ ಮೊದಲ ಸಲ ನಿಂತಿತು. ಆ ಗ್ರಾಫ್ ಇದ್ದ ಪರದೆಯ ಮುಂದೆ ಕೂತವರು ಏಳಲೇ ಇಲ್ಲ. ಕೊನೆಗೆ ಎಲ್ಲರನ್ನೂ ಕರೆಸಿದರು.

“ಬಿಸಿಯಾದ ಎಲೆಕ್ಟ್ರಾನುಗಳು ಅಯಾನುಗಳನ್ನೂ ಎಳ್ಕೊಂಡು, ಭೂಮಿಯ ಕಾಂತರೇಖೆ ಹಿಡಿದು ಆಚೀಚೆ ಸರೀತವೆ. ನಡುವೆ ಸಾಂದ್ರತೆ ಕಮ್ಮಿಯಾಗಿ ತಗ್ಗು ಬೀಳುತ್ತೆ. ಟ್ರಾನ್ಸ್‌ಮಿಟರ್ ನಿಂತ್ರೆ ಬಿಸಿ ಬೇಗ ಆರುತ್ತೆ. ತಗ್ಗು ತುಂಬೋದು ಮಾತ್ರ ನಿಧಾನ — ಭಾರದ ಅಯಾನುಗಳು ವಾಪಸ್ ಬರ್ಬೇಕಲ್ಲ? ಎದ್ದು ಹೋದವರ ಹಾಸಿಗೆ ತಣ್ಣಗಾದ್ರೂ ತಗ್ಗು ಉಳಿದಿರುತ್ತಲ್ಲ, ಹಾಗೆ.”

ಮಾವ ಪರದೆಗೆ ಬೆರಳಿಟ್ಟರು.

“ಒಂದೇ ಸಮ ಓಡಿದ್ರೆ ತಗ್ಗು ತುಂಬೋಕೆ ಶುರುವಾಗ್ಬಾರ್ದಿತ್ತು. ಇಲ್ಲಿ ಊಟದ ಹೊತ್ತಲ್ಲಿ ಅರ್ಧ ತುಂಬಿದೆ, ಮತ್ತೆ ಕುಸಿದಿದೆ. ಅಂದ್ರೆ ಈಕೆ ಆಫ್ ಮಾಡಿದ್ದು ನಿಜ. ಆಮೇಲೆ ಆನ್ ಮಾಡಿದ್ಯಾರು? ನಿಲ್ಲಲೇ ಇಲ್ಲ ಅಂತ ಹೇಳಿದವರು ಒಬ್ರೇ.” ಅವರು ಅಣ್ಣನ ಕಡೆ ತಿರುಗಿದರು. “ಇಷ್ಟು ವರ್ಷ ಶಾಖಾನೇ ನೋಡಿದ್ರಿ. ಅದನ್ನ ಅಳಿಸಿದ್ರೆ ಸಾಕು ಅಂದ್ಕೊಂಡ್ರಿ.”

ಅಣ್ಣನ ಮುಖ ಕಪ್ಪಿಟ್ಟಿತು. “ಇನ್ನೊಂದೇ ಒಂದು ಅಳತೆ ಬೇಕಿತ್ತು, ಆನ್ ಮಾಡ್ದೆ. ಪಂಪ್ ನೆನಪಾಗ್ಲಿಲ್ಲ.”

ನಿರ್ದೇಶಕರು ಆಪರೇಟರ್ ಬಳಿ ಕ್ಷಮೆ ಕೇಳಿದರು. ಅವಳಿಗೆ ಅದು ಕೇಳಿಸಿದಂತಿರಲಿಲ್ಲ. ಅಣ್ಣನನ್ನೇ ನೋಡುತ್ತಿದ್ದಳು.

“ಕರೆದಿದ್ರೆ ಊಟ ಬಿಟ್ಟು ಬರ್ತಿದ್ದೆ ಅಣ್ಣಾ,” ಅಂದಳು. “ನಾನೇ ಪಂಪ್ ಹಾಕ್ಕೊಡ್ತಿದ್ದೆ.”